ದೇಶದ ಪರವಾಗಿ ದೊಡ್ಡವ್ವನ ಮುಖ

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಮಂಡ್ಯದ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದೆ. ಪಾಠಕ್ಕಿಂತ ಹೆಚ್ಚು ಮನಸ್ಸಿಟ್ಟು ಮಾಡುತ್ತಿದ್ದ ಕೆಲಸ ಇನ್ನೊಂದಿತ್ತು. ಅಮೆರಿಕದಲ್ಲಿ ವರ್ಷವರ್ಷ ಕೊಡುವ ಆ ದೊಡ್ಡ ಸಿನಿಮಾ ಪ್ರಶಸ್ತಿಗೆ, ಪರದೇಶದ ಚಿತ್ರಗಳ ಸಾಲಿನಲ್ಲಿ ನಿಲ್ಲಲೆಂದು ನಮ್ಮ ದೇಶ ಒಂದು ಚಿತ್ರವನ್ನು ಆರಿಸಿ ಕಳಿಸುತ್ತಿತ್ತು. ಇಡೀ ದೇಶಕ್ಕೆ ಒಂದೇ ಚಿತ್ರ. ಆ ಸುದ್ದಿ ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಬೆರಳಗಲದಷ್ಟು ಬರುತ್ತಿತ್ತು. ಅದನ್ನು ಬ್ಲೇಡಿನಲ್ಲಿ ಕತ್ತರಿಸಿ ಒಂದು ನೋಟ್‌ಬುಕ್ಕಿಗೆ ಅಂಟಿಸಿಕೊಳ್ಳುತ್ತಿದ್ದೆ. ಇಪ್ಪತ್ತೇಳು ವರ್ಷದ ಗಂಡಸು, ಸಂಬಳ ಬರುವ ಗಂಡಸು, ಮಾಡುತ್ತಿದ್ದ ಕೆಲಸ ಇದು.

ಕಳಿಸಿದ ಚಿತ್ರಗಳಲ್ಲಿ ಮುಕ್ಕಾಲುಪಾಲನ್ನು ನಾನು ನೋಡಿಯೇ ಇರಲಿಲ್ಲ. ಆದರೂ ಅವು ಯಾಕೆ ಸೋತವು ಎಂದು ಸ್ಟಾಫ್ ರೂಮಿನಲ್ಲಿ ಗಂಟೆಗಟ್ಟಲೆ ಹೇಳಬಲ್ಲವನಾಗಿದ್ದೆ. ಒಂದು ವರ್ಷ ಹಾಡು, ಕುಣಿತ, ಕಣ್ಣೀರು ತುಂಬಿದ್ದನ್ನು ಕಳಿಸುವರು. ಅದು ಸೋತರೆ ಮರುವರ್ಷ ಬಡವರನ್ನು ಕಳಿಸುವರು. ಬಡವರೂ ಸೋತರೆ ಮತ್ತೆ ಹಾಡಿಗೇ ಮರಳುವರು. ಒಂದೊಂದು ವರ್ಷ ಯಾವುದನ್ನು ಕಳಿಸುವುದೆಂದು ತೋಚದೆ ಸುಮ್ಮನಾಗುವುದೂ ಇತ್ತು. ಹೆಣ್ಣು ನೋಡಲು ಬಂದವರ ಮುಂದೆ ಒಮ್ಮೆ ದೊಡ್ಡ ಮಗಳನ್ನೂ ಒಮ್ಮೆ ಚಿಕ್ಕವಳನ್ನೂ ಕೂರಿಸಿ, ಬಂದವರ ಮುಖವನ್ನೇ ನೋಡುತ್ತಾ ಕೂರುವ ಅಪ್ಪನ ಹಾಗಿತ್ತು ನಮ್ಮ ದೇಶ. ಆರಿಸುವ ಸಮಿತಿಯಲ್ಲಿದ್ದವರಿಗೆ ತಮಗೆ ಯಾವುದು ಇಷ್ಟ ಎಂಬುದೇ ಗೊತ್ತಿರಲಿಲ್ಲ. ಅಲ್ಲಿಯವರಿಗೆ ಯಾವುದು ಇಷ್ಟವಾದೀತು ಎಂಬ ಲೆಕ್ಕಾಚಾರ ಮಾತ್ರ ಇತ್ತು. ಇಷ್ಟು ತಿಳಿದಿದ್ದವನು ನಾನು ದೂರ ಉಳಿಯಬೇಕಿತ್ತು. ಉಳಿಯಲಿಲ್ಲ.

ನಮ್ಮದೊಂದು ಚಿತ್ರಕೂಟ ಇತ್ತು. ಏಳೆಂಟು ಮಂದಿ ಮೇಷ್ಟರು, ಒಬ್ಬ ಡಾಕ್ಟರು, ಕೋರ್ಟಿನಲ್ಲಿ ಕಕ್ಷಿದಾರರಿಲ್ಲದ ಒಬ್ಬ ವಕೀಲರು. ತಿಂಗಳಿಗೊಮ್ಮೆ ಕಾಲೇಜಿನ ಹಾಲಿನಲ್ಲಿ ಬಿಳಿ ಪಂಚೆಯನ್ನೇ ತೆರೆಯಾಗಿ ಕಟ್ಟಿ, ಎಲ್ಲಿಂದಲೋ ತರಿಸಿದ ಪರದೇಶದ ಚಿತ್ರ ನೋಡುತ್ತಿದ್ದೆವು. ಪ್ರೊಜೆಕ್ಟರು ಎರಡು ಸಲ ಕೆಡುತ್ತಿತ್ತು, ಕರೆಂಟು ಒಂದು ಸಲ ಹೋಗುತ್ತಿತ್ತು. ಮುಗಿದ ಮೇಲೆ ಯಾರೂ ಒಂದು ಗಳಿಗೆ ಮಾತಾಡಬಾರದು, ಅದು ನಮ್ಮ ಶಿಸ್ತು. ಅರ್ಥವಾಗದ ಚಿತ್ರವಾದರೆ ಎರಡು ಗಳಿಗೆ. ಆಮೇಲೆ ವಕೀಲರು ಕನ್ನಡಕ ಒರೆಸಿಕೊಳ್ಳುತ್ತಾ "ಏನ್ ಫ್ರೇಮುಗಳು" ಎನ್ನುವರು. ಹೊರಗೆ ಕಬ್ಬಿನ ಗಾಡಿಗಳು ಸಕ್ಕರೆ ಕಾರ್ಖಾನೆಯ ಕಡೆ ಸಾಲುಗಟ್ಟಿ ನಿಂತಿರುತ್ತಿದ್ದವು. ಆ ಗಾಡಿಯವರನ್ನು ದಾಟಿಕೊಂಡು, ಮನುಷ್ಯರ ಸಂಕಟದ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡುತ್ತಾ ನಾವು ಮನೆಗೆ ಹೋಗುತ್ತಿದ್ದೆವು.

ಈ ಕೂಟಕ್ಕೆ ಭಾಷಣ ಮಾಡಲು ಬೆಂಗಳೂರಿನಿಂದ ಒಬ್ಬ ನಿರ್ದೇಶಕರು ಬಂದರು. ಖಾದಿ ಜುಬ್ಬ, ಹೆಗಲಿಗೆ ಬಟ್ಟೆಯ ಚೀಲ, ಬೇಕೆಂದೇ ಕೆದರಿದ ಗಡ್ಡ. ಹಸಿವಿನ ಬಗ್ಗೆ ಒಂದು ಚಿತ್ರ ಮಾಡುತ್ತೇನೆ, ಅದು ಈ ಸಲ ದೇಶದ ಪರವಾಗಿ ಹೋಗುವುದು ಬಹುಮಟ್ಟಿಗೆ ಖಂಡಿತ, ಬೊಂಬಾಯಿಯ ಸಮಿತಿಯಲ್ಲಿ ಇಬ್ಬರಿಗೆ ನನ್ನ ಕೆಲಸ ಗೊತ್ತು ಎಂದರು. ಕಥೆ ಇಷ್ಟೆ. ಬರಗಾಲದ ಹಳ್ಳಿ. ಒಬ್ಬ ಹೆಂಗಸು ಖಾಲಿ ಮಡಕೆ ಹಿಡಿದು ಮನೆಮನೆಗೆ ಹೋಗುತ್ತಾಳೆ. ಯಾರೂ ಏನೂ ಕೊಡುವುದಿಲ್ಲ. ಇದಕ್ಕೆ ಊರು ಹುಡುಕಿಕೊಂಡು ಮಳವಳ್ಳಿಯ ಆಚೆಯ ಒಣಭೂಮಿಯ ಹಳ್ಳಿಗಳಲ್ಲಿ ಎರಡು ದಿನ ಅಲೆದಿದ್ದರಂತೆ. "ಅಲ್ಲಿ ಬರ ತುಂಬ ಚೆನ್ನಾಗಿದೆ, ಆದರೆ ಉಳಿದುಕೊಳ್ಳೋಕೆ ಒಂದು ಲಾಡ್ಜಿಲ್ಲ" ಎಂದರು. ಇದನ್ನು ಕೇಳಿ ಎದ್ದು ಹೋಗಬೇಕಿದ್ದ ನಾನು, "ನಮ್ಮೂರಿಗೆ ಬನ್ನಿ ಸಾರ್, ಮದ್ದೂರಿನಲ್ಲಿ ಲಾಡ್ಜಿದೆ" ಎಂದೆ.

ನಮ್ಮೂರು ಬೆಸಗರಹಳ್ಳಿ ಕಡೆ ಹೋಗುವ ಬಸ್ಸಿನಲ್ಲಿ ಇಳಿದು ಒಂದು ಮೈಲಿ ನಡೆದರೆ ಸಿಗುತ್ತದೆ. ನಾಲೆಯ ನೀರು ಹರಿಯುವ ಊರು. ನನ್ನ ತಿಳಿವಳಿಕೆಯಲ್ಲಿ ಅಲ್ಲಿ ಯಾರೂ ಹಸಿವಿನಿಂದ ಸತ್ತಿಲ್ಲ, ಉಂಡು ಸತ್ತವರಿದ್ದಾರೆ. ಅಂಥ ಊರಿಗೆ ಬರಗಾಲದ ಚಿತ್ರ ತೆಗೆಯುವವರು ವ್ಯಾನು ತುಂಬ ಬಂದಿಳಿದರು. ಭತ್ತ ಕುಯ್ದು ನಾಲೆ ನಿಲ್ಲಿಸಿದ ದಿನಗಳು. ಗದ್ದೆ ಒಣಗಿ ಬಿರುಕು ಬಿಟ್ಟಿತ್ತು. ಆ ಬಿರುಕು ಕಂಡು ನಿರ್ದೇಶಕರಿಗೆ ಕಣ್ತುಂಬಿ ಬಂತು. ಕ್ಯಾಮೆರಾ ಒಂದು ಮಾರು ಬಲಕ್ಕೆ ತಿರುಗಿದರೆ ಆಳೆತ್ತರದ ಕಬ್ಬು, ಎಡಕ್ಕೆ ತಿರುಗಿದರೆ ಪಂಪ್‌ಸೆಟ್ಟಿನ ಮನೆ. ಹಾಗಾಗಿ ಹಸಿವು ಆ ನಾಲ್ಕು ಗದ್ದೆ ಬಿಟ್ಟು ಎಲ್ಲೂ ಅಲುಗಾಡುವಂತಿರಲಿಲ್ಲ.

ಬಡಕಲು ಎತ್ತು ಬೇಕು ಎಂದು ಡಂಗುರ ಸಾರಿಸಿದರೆ ನಮ್ಮವರು ತಮ್ಮ ತಮ್ಮ ಒಳ್ಳೆಯ ಜೋಡಿಗಳನ್ನು ಮೈ ತೊಳೆದು, ಕೊಂಬಿಗೆ ಎಣ್ಣೆ ಹಚ್ಚಿ ಹಿಡಿದುಕೊಂಡು ಬಂದರು. ಫಾರಿನ್ನಿನವರು ನೋಡುತ್ತಾರೆ ಅಂದ ಮೇಲೆ ಬಡಕಲು ಎತ್ತು ಹಿಡಿದು ನಿಲ್ಲಲು ಯಾರಿಗೆ ಮನಸ್ಸು ಬಂದೀತು? ಹಸಿದವರ ಗುಂಪಿನಲ್ಲಿ ನಿಲ್ಲಬೇಕಾದವರು ಮದುವೆಗೆ ಹೊಲಿಸಿದ ಅಂಗಿ ತೊಟ್ಟು ಬಂದರು. ಅಂಗಿ ಬಿಚ್ಚಿಸಿದರೆ ಒಳಗೆ ಮುದ್ದೆ ತಿಂದು ಬೆಳೆದ ಎದೆಗಳು. ನಿರ್ದೇಶಕರು ಅವರನ್ನೆಲ್ಲ ಹಿಂದಕ್ಕೆ ತಳ್ಳಿ, ಕ್ಷಯದಿಂದ ಎದ್ದಿದ್ದ ಒಬ್ಬ ಅಗಸರವನನ್ನೂ, ಗಾಂಜಾ ಸೇದುತ್ತಿದ್ದ ಇನ್ನೊಬ್ಬನನ್ನೂ ಮುಂದೆ ನಿಲ್ಲಿಸಿದರು. ನಾನು ಅವರ ಹಿಂದೆ ಛತ್ರಿ ಹಿಡಿದು ಓಡಾಡುತ್ತಿದ್ದೆ. ನನ್ನನ್ನು 'ಸ್ಥಳೀಯ ಸಹಾಯಕ' ಎಂದು ಕರೆದಿದ್ದರು. ಅಷ್ಟಕ್ಕೇ ನನಗೆ ಕಾಲು ನೆಲದ ಮೇಲಿರಲಿಲ್ಲ.

ಮಡಕೆ ಹಿಡಿಯುವ ಹೆಂಗಸಿಗೆ ಮುಖ ಹುಡುಕುತ್ತಿದ್ದಾಗ ಅವರ ಕಣ್ಣಿಗೆ ಬಿದ್ದವಳು ನನ್ನ ದೊಡ್ಡವ್ವ, ನನ್ನ ದೊಡ್ಡಪ್ಪನ ಹೆಂಡತಿ. ಐವತ್ತು ದಾಟಿದ್ದಳು. ಎಲುಬು ಎದ್ದು ಕಾಣುವ ಉದ್ದ ಮುಖ, ಆಳದಲ್ಲಿರುವ ಕಣ್ಣು. ಅದು ಹಸಿವಿನ ಮುಖವಲ್ಲ, ಅವಳ ಅಪ್ಪನ ಮನೆಯವರೆಲ್ಲರಿಗೂ ಅದೇ ಮುಖ. ಹತ್ತು ಆಳಿಗೆ ಮುದ್ದೆ ಕಟ್ಟಿ ಬಡಿಸಿ, ಕೊನೆಯಲ್ಲಿ ತಾನು ಎರಡು ಉಣ್ಣುತ್ತಿದ್ದ ಹೆಂಗಸು ಅವಳು. "ಈ ಮುಖದಲ್ಲಿ ಸಾವಿರ ವರ್ಷದ ಹಸಿವಿದೆ" ಎಂದರು ನಿರ್ದೇಶಕರು. ನಾನು ಹೌದೆಂದು ತಲೆಯಾಡಿಸಿದೆ. ಆ ಮುಖದ ಎದುರು ಕೂತು ನಾನೆಷ್ಟು ಸಲ ಹೊಟ್ಟೆ ಬಿರಿಯ ಉಂಡಿದ್ದೇನೋ ಲೆಕ್ಕವಿಲ್ಲ.

ನನ್ನನ್ನು ಬೆಳೆಸಿದವಳೇ ಅವಳು. ನನ್ನನ್ನು ಹೆತ್ತ ಮೇಲೆ ಅವ್ವ ಮೂರು ವರ್ಷ ಹಾಸಿಗೆ ಹಿಡಿದಿದ್ದಳು. ಬದುಕುತ್ತಾಳೆ ಎಂದು ಯಾರಿಗೂ ನಂಬಿಕೆ ಇರಲಿಲ್ಲ. ದೊಡ್ಡವ್ವ ತನ್ನ ಮಕ್ಕಳ ಜತೆ ನನ್ನನ್ನೂ ಸಾಕಿದಳು, ಅವ್ವನಿಗೂ ನೀರು ಹುಯ್ದು, ತಲೆ ಬಾಚಿ, ಗಂಜಿ ಕುಡಿಸಿದಳು. ನಾನು ಎಂ.ಎ. ಓದುವಾಗ ಅಪ್ಪನೂ ದೊಡ್ಡಪ್ಪನೂ ಭಾಗವಾದರು. ತೊಟ್ಟಿಮನೆಯ ನಡುವೆ ಗೋಡೆ ಎದ್ದಿತು, ಅಣ್ಣತಮ್ಮಂದಿರು ಮಾತು ಬಿಟ್ಟರು. ಹೆಂಗಸರಿಬ್ಬರು ಮಾತ್ರ ಬಿಡಲಿಲ್ಲ. ಗಂಡಸರು ಗದ್ದೆಗೆ ಹೋದ ಹೊತ್ತಿನಲ್ಲಿ ಹಿತ್ತಿಲ ಬೇಲಿಯ ಸಂದಿಯಿಂದ ಆ ಕಡೆಯ ಬಸ್ಸಾರು ಈ ಕಡೆ ಬರುತ್ತಿತ್ತು, ಈ ಕಡೆಯ ಹುಳಿ ಆ ಕಡೆ ಹೋಗುತ್ತಿತ್ತು. ಒಡೆದ ಮನೆಯಲ್ಲಿ ಒಡೆಯದೆ ಉಳಿದಿದ್ದು ಅಷ್ಟೇ. ಗಂಡಸರು ಇಂದಲ್ಲ ನಾಳೆ ಸರಿಹೋಗುತ್ತಾರೆ ಎಂದು ಇಬ್ಬರೂ ಅದನ್ನು ಜತನವಾಗಿ ಕಾಪಾಡಿಕೊಂಡಿದ್ದರು.

ದೊಡ್ಡವ್ವ ಮೊದಲು ಒಪ್ಪಲಿಲ್ಲ. "ಬೇಡೋ ಯೇಸ ಯಾಕ್ಲಾ ನಂಗೆ? ಮುದ್ದೆ ತಿರುವೋದು ತೆಗೀರಿ, ತೋರಿಸ್ತೀನಿ" ಅಂದಳು. ನೀನು ದೇಶದ ಪರವಾಗಿ ಹೋಗುತ್ತೀಯ, ನನಗೂ ಹೆಸರು ಬರುತ್ತದೆ ಎಂದು ನಾನು ಹಿಂದೆ ಬಿದ್ದೆ. ನನಗೆ ಹೆಸರು ಬರುತ್ತದೆ ಎಂದ ಮೇಲೆ ಒಪ್ಪಿದಳು. ಶೂಟಿಂಗಿನ ದಿನ ಅವಳ ಕೈಯ ಮಡಕೆಯನ್ನು ನೋಡಿದರೆ ತಳದಲ್ಲಿ ಒಂದು ಹಿಡಿ ರಾಗಿ.

"ಬರೀ ಮಡಕೆ ಇಡ್ಕಂಡು ಮುತ್ತೈದೆ ಬೀದಿಲಿ ಓಗಬಾರದು ಕಣ್ಲಾ ಮಗ. ಒಂದಿಡಿ ಇರ್ಲಿ ಬುಡು, ಯಾರಿಗೆ ಕಂಡದು?"

ನಾನು ಆ ರಾಗಿಯನ್ನು ಸುರಿಸಿದೆ. ನಿರ್ದೇಶಕರಿಗೆ ಎಲ್ಲವೂ ನಿಜವಾಗಿರಬೇಕಿತ್ತು.

ಬಾಗಿಲ ದೃಶ್ಯ ಪಟೇಲರ ಮನೆಯಲ್ಲಿ. ದೊಡ್ಡವ್ವ ಮಡಕೆ ಹಿಡಿದು ಬಾಗಿಲಿಗೆ ಬರಬೇಕು. ಪಟೇಲರ ಹೆಂಡತಿ ಒಳಗಿನಿಂದ ಬಂದು, "ಏನೂ ಇಲ್ಲ, ಮುಂದಕ್ಕೆ ಹೋಗು" ಎಂದು ಬಾಗಿಲು ಹಾಕಬೇಕು. ಅಷ್ಟೇ ಕೆಲಸ. ಮೊದಲನೆಯ ಟೇಕಿನಲ್ಲಿ ಆಕೆ ಬಾಗಿಲು ತೆರೆದವರೇ "ಬನ್ನಿ ಅಕ್ಕ, ಬಿಸಿಲಲ್ಲಿ ಬಂದ್ರಲ್ಲ" ಅಂದರು. ಎರಡನೆಯದರಲ್ಲಿ ಮಾತಾಡಲಿಲ್ಲ, ಒಳಗೆ ಹೋಗಿ ಮೊರದಲ್ಲಿ ರಾಗಿ ಹಿಟ್ಟು ತಂದು ಮಡಕೆಗೆ ಸುರಿದುಬಿಟ್ಟರು. ಮೂರನೆಯದರಲ್ಲಿ "ಏನೂ ಇಲ್ಲ" ಎನ್ನುವ ತನಕ ಬಂದು, ಸೆರಗು ಬಾಯಿಗಿಟ್ಟು ನಕ್ಕು, ಕ್ಯಾಮೆರಾದ ಕಡೆ ತಿರುಗಿ "ಅದೆ ಕಣಪ್ಪ, ಇಲ್ಲ ಅಂತ ಎಂಗನ್ನದು" ಎಂದರು. ನಿರ್ದೇಶಕರು ತಾಳ್ಮೆಯಿಂದ, ಇದು ಸುಳ್ಳು, ತಾಯಿ, ಸುಮ್ಮನೆ ಬಾಯಿಮಾತು, ಅಂದರು.

"ಸುಳ್ಳಾದ್ರೂ ಆಗ್ಲಿ ಸ್ವಾಮಿ, ಉಂಬೋ ಒತ್ನಲ್ಲಿ ಬಾಗ್ಲಿಗೆ ಬಂದೋರ ಮುಂದಕ್ಕೋಗು ಅನ್ನಕ್ಕಿಲ್ಲ. ಈ ಮನೇಲಿ ಆ ಮಾತ ಯಾರೂ ಆಡಿಲ್ಲ. ಬೇಕಾದ್ರೆ ಒತ್ತು ಇಳಿದ ಮ್ಯಾಲೆ ಬನ್ನಿ, ಅಂತೀನಿ" ಎಂದರು ಪಟೇಲರ ಹೆಂಡತಿ.

ಇನ್ನಿಬ್ಬರು ಹೆಂಗಸರನ್ನು ನಿಲ್ಲಿಸಿ ನೋಡಿದ್ದಾಯಿತು. ಒಬ್ಬಳು ಅತ್ತುಬಿಟ್ಟಳು. ಇನ್ನೊಬ್ಬಳು "ಮುಂದಕ್ಕೋಗಿ" ಅಂದವಳು ತಕ್ಷಣ ನಾಲಗೆ ಕಚ್ಚಿಕೊಂಡು ಬಂದು ದೊಡ್ಡವ್ವನ ಕಾಲು ಮುಟ್ಟಿದಳು. ಫಿಲಂ ದಂಡವಾಗುತ್ತಿದೆ ಎಂದು ಕ್ಯಾಮೆರಾದವನು ಗೊಣಗಿದ. ನಾನು ನಾಚಿಕೆಯಿಂದ ಸತ್ತುಹೋದೆ. ಸಿನಿಮಾದವರ ಬಗ್ಗೆ ಅಲ್ಲ, ನನ್ನ ಊರಿನವರ ಬಗ್ಗೆ. ಎಂಥ ದಡ್ಡರು, ಒಂದು ಮಾತು ಆಡಲು ಬರುವುದಿಲ್ಲವಲ್ಲ ಎಂದುಕೊಂಡೆ. ಆ ದಿನ ಅಲ್ಲಿದ್ದ ಒಬ್ಬನೇ ದಡ್ಡ ಛತ್ರಿ ಹಿಡಿದುಕೊಂಡಿದ್ದ.

ಅವತ್ತು ಸಾಯಂಕಾಲ ಮದ್ದೂರಿನ ಲಾಡ್ಜಿನ ಕೆಳಗಿನ ಹೋಟೆಲಿನಲ್ಲಿ ನಿರ್ದೇಶಕರು ವಡೆಯ ಚೂರನ್ನು ಬೆರಳಲ್ಲಿ ಆಡಿಸುತ್ತಾ ಮುಖ ಇಳಿಬಿಟ್ಟು ಕೂತಿದ್ದರು. ಅವರನ್ನು ಸಮಾಧಾನ ಮಾಡಬೇಕು, ಅವರ ಕಣ್ಣಿನಲ್ಲಿ ಒಂದು ಅಂಗುಲ ಮೇಲೇರಬೇಕು ಎಂಬ ಆಸೆಗೆ, ನಮ್ಮ ಮನೆ ಭಾಗವಾದದ್ದು, ಗೋಡೆ, ಬೇಲಿ, ಸಾರು ಎಲ್ಲವನ್ನೂ ಅವರ ಮುಂದೆ ಬಿಚ್ಚಿಟ್ಟೆ. ಅವರು ವಡೆ ಕೆಳಗಿಟ್ಟು ಅಂದರು:

"ಹಾಗಾದರೆ ಆ ಇನ್ನೊಬ್ಬಾಕೆ ನಿಮ್ಮ ತಾಯಿ. ಅವರನ್ನೇ ಬಾಗಿಲಲ್ಲಿ ನಿಲ್ಲಿಸೋಣ."

"ಅವ್ವನೂ ಅನ್ನೋದಿಲ್ಲ ಸಾರ್."

"ತಾನಾಗಿ ಅನ್ನೋದಿಲ್ಲ. ಅನ್ನಿಸಬೇಕು. ಒಳಗೆ ಎಲ್ಲೋ ಒಂದು ನೋವು ಇದ್ದೇ ಇರುತ್ತೆ, ನಿಮಗೆ ಗೊತ್ತಿರುತ್ತೆ. ನೀವು ಸೂಕ್ಷ್ಮ ಮನುಷ್ಯರು."

ಸೂಕ್ಷ್ಮ ಮನುಷ್ಯ. ಆ ಎರಡು ಪದಕ್ಕೆ ನಾನು ಮಾರಿಹೋದೆ. ಹೌದು, ನನಗೆ ಗೊತ್ತಿತ್ತು. ಮೂರು ವರ್ಷ ಮಲಗಿದ್ದೆನಲ್ಲ, ಇನ್ನೊಬ್ಬಳ ಕೈಯಲ್ಲಿ ಮಗನನ್ನು ಸಾಕಿಸಿದೆನಲ್ಲ ಎಂಬ ಅಳುಕು ಅವ್ವನಿಗೆ ಒಳಗೇ ಇತ್ತು. ಅದನ್ನು ಅವಳು ಯಾರೊಂದಿಗೂ ಆಡುತ್ತಿರಲಿಲ್ಲ. ದೊಡ್ಡವ್ವ ಅಂತೂ ಅದರ ಹತ್ತಿರವೇ ಸುಳಿಯುತ್ತಿರಲಿಲ್ಲ.

ಬಾಗಿಲಲ್ಲಿ ನಿಲ್ಲಲು ಅವ್ವ ಒಪ್ಪಿದಳು, ನಾನು ಕೇಳಿದೆ ಅಂತ. ಬೆಳಿಗ್ಗೆ ಪಟೇಲರ ಮನೆಗೆ ಹೊರಟು, ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದಳು. ಆಗ ನಾನು ಹೇಳಿದೆ. ಕೆರೆಯ ಸೋಪಾನೆಯ ಮೆಟ್ಟಿಲ ಹತ್ತಿರ ಬಟ್ಟೆ ಒಗೆಯುವಾಗ ದೊಡ್ಡವ್ವ ನನ್ನ ಕಿವಿಗೆ ಬೀಳುವ ಹಾಗೆ ಒಂದು ಮಾತು ಅಂದಳು ಅಂತ. ಅವ್ವನಿಗೆ ಕಾಯಿಲೆ ಗೀಯಿಲೆ ಏನೂ ಇರಲಿಲ್ಲವಂತೆ, ಕೆಲಸಕ್ಕೆ ಕಳ್ಳಬಿದ್ದು ಮೂರು ವರ್ಷ ಮಲಗಿದ್ದಳಂತೆ, ತಾನು ಅವಳ ಮಗನ ಹೇಲು ಬಳಿದೆನಂತೆ. ಇಷ್ಟನ್ನೂ ನಾನು ಕಟ್ಟಿ ಹೇಳಿದೆ. ಹೇಲು ಬಳಿದ ಮಾತು ಆ ಗಳಿಗೆಯಲ್ಲಿ ಹೊಳೆದದ್ದು. ಚೆನ್ನಾಗಿ ಹೊಳೆಯಿತು ಎಂದು ಒಳಗೊಳಗೆ ಹೆಮ್ಮೆಯೂ ಆಯಿತು.

ಅವ್ವ ನೆರಿಗೆ ಸಿಕ್ಕಿಸಿಕೊಂಡು ಬಂದಳು.

ಕ್ಯಾಮೆರಾ ಓಡಿತು. ದೊಡ್ಡವ್ವ ಮಡಕೆ ಹಿಡಿದು ಬಂದಳು. ಬಾಗಿಲಲ್ಲಿ ಅವ್ವನನ್ನು ಕಂಡು, ಆಟದ ಮಧ್ಯೆ ತನ್ನವಳು ಸಿಕ್ಕಳಲ್ಲ ಎಂಬ ಖುಷಿಗೆ ಸ್ವಲ್ಪ ನಕ್ಕಳು ಕೂಡ. ಅವ್ವ ಅವಳನ್ನು ಮೇಲಿನಿಂದ ಕೆಳಗಿನ ತನಕ ನೋಡಿ, ತಗ್ಗಿದ ದನಿಯಲ್ಲಿ ಹೇಳಿದಳು:

"ನಾನು ಕಳ್ಳಬಿದ್ದು ಮನಗಿದ್ನಾ ಅಕ್ಕ? ನೀನು ಬಳಿದಿದ್ದಕ್ಕೆ ಲೆಕ್ಕ ಮಡಗಿದ್ಯಾ? ಬೇಲಿ ತಾವ ಇನ್ನೊಂದ್ ದಪ ಬರಬ್ಯಾಡ. ಮುಂದಕ್ಕೋಗು."

ಬಾಗಿಲು ಹಾಕಿಕೊಂಡಳು. ಅಗುಳಿ ಬಿದ್ದದ್ದು ಹೊರಗೆ ಕೇಳಿಸಿತು.

ದೊಡ್ಡವ್ವ ಹಾಗೇ ನಿಂತಳು. ನಕ್ಕಿದ್ದ ಮುಖ ಒಂದು ಗಳಿಗೆ ತೆರೆದುಕೊಂಡೇ ಇದ್ದು, ಆಮೇಲೆ ಕುಸಿಯಿತು. ಆಮೇಲೆ ಅವಳು ಸೆರಗಿನ ತುದಿಯನ್ನು ಎಳೆದು ಮಡಕೆಯ ಬಾಯಿಗೆ ಮುಚ್ಚಿದಳು. ಒಳಗೆ ಏನೂ ಇಲ್ಲ ಎಂಬುದು ಅಷ್ಟು ಜನರಿಗೆ ಕಾಣಬಾರದು ಎನ್ನುವಂತೆ. ಮುಚ್ಚಿಕೊಂಡು ಮೆಟ್ಟಿಲಿಳಿದು ಹೋದಳು. ಹಿಂದಿನಿಂದ ನಿರ್ದೇಶಕರು ಕ್ಯಾಮೆರಾದವನ ಭುಜ ಹಿಡಿದು "ನಿಲ್ಲಿಸಬೇಡ, ನಿಲ್ಲಿಸಬೇಡ" ಎಂದು ಪಿಸುಗುಟ್ಟುತ್ತಿದ್ದರು. ನಿಲ್ಲಿಸಿದ ಮೇಲೆ ನನ್ನನ್ನು ತಬ್ಬಿಕೊಂಡರು. ಮೈಯೆಲ್ಲ ಸಿಗರೇಟಿನ ವಾಸನೆ.

ಚಿತ್ರ ತಯಾರಾಯಿತು. ಬೆಂಗಳೂರಿನ ಪತ್ರಿಕೆಗಳಲ್ಲಿ ಬರೆದರು. ಸೆರಗಿನಿಂದ ಮಡಕೆ ಮುಚ್ಚುವ ಆ ಗಳಿಗೆಯ ಬಗ್ಗೆ ಒಬ್ಬರು ಅರ್ಧ ಪುಟ ಬರೆದು, ಅದು ನಿರ್ದೇಶಕರ ಪ್ರತಿಭೆ ಎಂದರು. ಚಿತ್ರ ಬೊಂಬಾಯಿಗೆ, ಆರಿಸುವ ಸಮಿತಿಯ ಮುಂದೆ ಹೋಯಿತು. ಬೊಂಬಾಯಿಗೆ ಹೋಯಿತು ಎಂದರೆ ಅಮೆರಿಕಕ್ಕೆ ಹೋದಂತೆಯೇ ಎಂದು ಮಂಡ್ಯದವರು ತೀರ್ಮಾನ ಮಾಡಿ, ಒಂದು ಭಾನುವಾರ ಟಾಕೀಸಿನಲ್ಲಿ ಬೆಳಗಿನ ಆಟ ಹಾಕಿಸಿ ಸನ್ಮಾನ ಇಟ್ಟುಕೊಂಡರು. ನಮ್ಮೂರಿನಿಂದ ಲಾರಿಯಲ್ಲಿ ಜನ ಬಂದರು. ಕೆರಗೋಡಿನಿಂದ, ಭಾರತೀನಗರದಿಂದ ವಿದ್ಯಾರ್ಥಿಗಳು ಬಂದರು. ಇಬ್ಬರು ಹೆಂಗಸರನ್ನೂ ನಾನೇ ಕರೆತಂದಿದ್ದೆ. ಬೇಲಿಯ ಸಂದಿ ಮುಚ್ಚಿ ಆಗಲೇ ತಿಂಗಳುಗಳಾಗಿದ್ದವು. ಅವ್ವ ಒಂದು ಸಾಲಿನಲ್ಲಿ, ದೊಡ್ಡವ್ವ ನಾಲ್ಕು ಸಾಲು ಹಿಂದೆ.

ಬಾಗಿಲ ದೃಶ್ಯ ಬಂತು. ತೆರೆಯ ಮೇಲೆ ಅವ್ವನ ಬಾಯಿ ಆಡಿತು, ಆದರೆ ದನಿ ಅವಳದಲ್ಲ. ಬೆಂಗಳೂರಿನ ಯಾರೋ ನಾಟಕದ ಹೆಂಗಸಿನ ಕೈಯಲ್ಲಿ ಹೇಳಿಸಿದ್ದರು. "ಇಲ್ಲಾ ಕಣವ್ವೋ, ನಮ್ಗೇ ಏನೂ ಇಲ್ಲಾ" ಎಂದು ಎಳೆದು ಎಳೆದು, ಯಾವ ಊರಿನಲ್ಲೂ ಯಾರೂ ಆಡದ ಹಳ್ಳಿ ಭಾಷೆಯಲ್ಲಿ. ಅಷ್ಟಕ್ಕೆ ದೊಡ್ಡವ್ವನ ಮುಖ ಹಾಗೆ ಕುಸಿದದ್ದು ಎಂದು ಟಾಕೀಸಿನಲ್ಲಿದ್ದವರೆಲ್ಲ ನಂಬಿ ಕಣ್ಣೊರೆಸಿಕೊಂಡರು. ವಕೀಲರು ಬಿಕ್ಕುತ್ತಿದ್ದರು.

ದೀಪ ಹತ್ತಿದ ಮೇಲೆ ಅವ್ವ ನನ್ನ ತೋಳು ಹಿಡಿದಳು.

"ನಾನಂದಿದ್ದು ಅದಲ್ಲ."

"ಅದನ್ನ ತೆಗೆದು ಬ್ಯಾರೆ ಆಕವ್ರೆ ಕಣವ್ವ."

"ಅವ್ಳು ನಿಂತಿರೋದ ಈಗ ನೋಡ್ದೆ. ಅವತ್ತು ಬಾಗ್ಲು ಆಕ್ಕಂಡ್ನಲ್ಲ, ಕಾಣ್ನಿಲ್ಲ." ತೋಳು ಬಿಡದೆ ಕೇಳಿದಳು: "ಅಂಗಂದೋಳ ಮಕ ಅಂಗಿರ್ತದಾ? ದಿಟ ಯೋಳು ಮಗ, ಅವ್ಳೇ ಅಂದ್ಲಾ? ನಿನ್ ಕಿವಿಲಿ ಕೇಳಿದ್ಯಾ?"

ಬಿಡಿಸಿಕೊಳ್ಳಲು ದೇವರು ಕೊಟ್ಟ ಗಳಿಗೆ ಅದು. ಆದರೆ ಅಷ್ಟು ಹೊತ್ತಿಗೆ ನಿರ್ದೇಶಕರು ಹಾರ ಹಾಕಿಕೊಂಡು, ಊರಿನ ನಾಲ್ಕು ಗಣ್ಯರನ್ನು ಕರೆದುಕೊಂಡು ನಮ್ಮ ಕಡೆಯೇ ಬರುತ್ತಿದ್ದರು. "ಇವರೇ ನಮ್ಮ ಸ್ಥಳೀಯ..." ಎಂದು ನನ್ನನ್ನು ತೋರಿಸುತ್ತಿದ್ದರು. ನಾನು ಅವ್ವನ ಕೈ ಬಿಡಿಸಿಕೊಂಡು, "ಕೇಳ್ದೆ ಕಣವ್ವ, ಅವಳೇ ಅಂದಿದ್ದು" ಎಂದು ಹೇಳಿ, ಅವರ ಕಡೆ ತಿರುಗಿ ಕೈಮುಗಿದೆ. ವೇದಿಕೆಯ ಮೇಲೆ ಒಬ್ಬ ಹಿರಿಯರು, ಈ ತಾಯಿಯ ಹಸಿವನ್ನು ಇನ್ನು ಜಗತ್ತೇ ನೋಡಲಿದೆ, ಇದು ನಮ್ಮ ಜಿಲ್ಲೆಯ ಸೌಭಾಗ್ಯ ಎಂದರು. ದೊಡ್ಡವ್ವನಿಗೆ ಶಾಲು ಹೊದಿಸಿದರು. ಸೆಕೆಗೆ ಅವಳು ಅದನ್ನು ಅಲ್ಲೇ ತೆಗೆದು ಮಡಿಚಿಟ್ಟಳು.

ಚಿತ್ರ ಹೋಗಲಿಲ್ಲ. ಸಮಿತಿಯವರು ಹಾಡು ತುಂಬಿದ್ದ ಯಾವುದೋ ಒಂದನ್ನು ಆರಿಸಿದರು. ನಿರ್ದೇಶಕರು ನನಗೊಂದು ಕಾಗದ ಬರೆದರು. ಈ ವರ್ಷ ದೇಶದ ಹಸಿವನ್ನು ಹೊರಗಿನವರಿಗೆ ತೋರಿಸುವುದು ಬೇಡವೆಂದು ಸಮಿತಿಗೆ ಅನ್ನಿಸಿತಂತೆ. ಸಾಲದ್ದಕ್ಕೆ ಒಂದು ಕಡೆ ಹಿಂದುಗಡೆ ಹಸಿರು ಕಬ್ಬು ಕಾಣುತ್ತದೆ, ಬರ ನಂಬುವಂತಿಲ್ಲ ಎಂದು ಒಬ್ಬ ಸದಸ್ಯರು ತಕರಾರು ತೆಗೆದರಂತೆ. ಕೊನೆಯಲ್ಲಿ, ಮುಂದಿನ ಚಿತ್ರ ಪ್ರವಾಹದ ಬಗ್ಗೆ, ನಿಮ್ಮ ಗಮನದಲ್ಲಿ ಯಾವುದಾದರೂ ಊರಿದ್ದರೆ ತಿಳಿಸಿ ಎಂದಿತ್ತು. ದೊಡ್ಡವ್ವನ ಬಗ್ಗೆ ಅದರಲ್ಲಿ ಒಂದಕ್ಷರ ಇರಲಿಲ್ಲ. ಚಿತ್ರಕೂಟದಲ್ಲಿ ನಾವು ಸಮಿತಿಯನ್ನು ಖಂಡಿಸಿ ಒಂದು ನಿರ್ಣಯ ಮಾಡಿದೆವು. ಅದನ್ನು ಯಾರಿಗೆ ಕಳಿಸಬೇಕೆಂದು ಗೊತ್ತಾಗದೆ ಬಿಟ್ಟೆವು.

ಅದೇ ವಾರ ಊರಿಗೆ ಹೋಗಿ ದೊಡ್ಡವ್ವನಿಗೆ ತಿಳಿಸಿದೆ. ಜಗಲಿಯ ಮೇಲೆ ಕೂತು ರಾಗಿ ಕೇರುತ್ತಿದ್ದಳು.

"ದೊಡ್ಡವ್ವ, ನಮ್ಮ ಸಿನಿಮಾ ಓಗನಿಲ್ಲ. ಬ್ಯಾರೆದು ಕಳಿಸವ್ರೆ."

ಮೊರ ನಿಲ್ಲಿಸಲಿಲ್ಲ. "ಅಂಗಾರೆ ನಿಮ್ಮವ್ವನ ಬಾಯ್ನಲ್ಲಿ ಅನ್ಸಿದ್ದು ದಂಡಕ್ಕಾಯ್ತು" ಅಂದಳು.

ನಾನು ಜಗಲಿಯ ಅಂಚಿಗೆ ಕೂತೆ. ಅವಳು ಕೇರುತ್ತಲೇ ಅಂದಳು:

"ಬಾಗ್ಲು ಆಕ್ಕಂಡ ಮ್ಯಾಲೆ ಸುತ್ತ ನೋಡ್ದೆ ಕಣ್ಲಾ. ಎಲ್ರೂ ನನ್ನ ಮಕ ನೋಡ್ತಾವ್ರೆ. ನೀನೊಬ್ನೆ ನೆಲ ನೋಡ್ಕಂಡು ನಿಂತಿದ್ದೆ. ಸಣ್ಣೋನಾಗಿದ್ದಾಗ ಬೆಲ್ಲ ಕದ್ದಾಗ್ಲೂ ಅಂಗೇಯ ನಿಂತ್ಕತಿದ್ದೆ. ಆಗ್ಲೇ ಗೊತ್ತಾಯ್ತು, ಇದು ನಿನ್ ಕೆಲ್ಸ ಅಂತ."

ಈಗಲೇ ಹೋಗಿ ಅವ್ವನಿಗೆ ಎಲ್ಲ ಹೇಳಿಬಿಡುತ್ತೇನೆ ಎಂದು ಎದ್ದೆ. ಆಗ ಅವಳು ಮೊರ ಕೆಳಗಿಟ್ಟಳು.

"ಕುಂತ್ಕಳ್ಲಾ. ಏನಂತ ಯೋಳೀಯ? ಸಾವಿನ ಬಾಯಿಂದ ಎದ್ದು ಬಂದೋಳು ಅವ್ಳು, ನಿನ್ ಮಕ ನೋಡ್ಕಂಡು. ವಾರಗಿತ್ತಿ ಕೆಟ್ಟೋಳು ಅಂದ್ರೆ ತಡ್ಕತಾಳೆ, ಎಲ್ರ ಮನೇಲೂ ಇರ್ತದೆ. ಮಗ ಇಂತೋನು ಅಂದ್ರೆ ತಡ್ಕಳಕ್ಕಿಲ್ಲ. ನಾನು ಕೆಟ್ಟೋಳಾಗೇ ಇರ್ತೀನಿ ಬುಡು. ನೀನು ಯೋಳಬ್ಯಾಡ."

ಮನುಷ್ಯನಾಗಿದ್ದರೆ ಆ ಮಾತನ್ನು ಮೀರಿ ಹೋಗಿ ಹೇಳುತ್ತಿದ್ದೆ. ನನಗೆ ಆದದ್ದು ನಿರಾಳ. ಹೇಳಬೇಡ ಎಂದು ಅವಳೇ ಅಂದಳಲ್ಲ ಎಂದು ಅದನ್ನೇ ಹಿಡಿದುಕೊಂಡು, ಸಂಜೆಯ ಬಸ್ಸಿಗೆ ಮಂಡ್ಯಕ್ಕೆ ಬಂದೆ. ನಾನು ಇಷ್ಟು ಹೊತ್ತು ಹೀಗಳೆದ ನಿರ್ದೇಶಕ, ವಕೀಲ, ಬೊಂಬಾಯಿಯ ಸಮಿತಿ ಎಲ್ಲರೂ ಒಂದು ಕಡೆ. ಅವರಿಗೆ ಆ ಮುಖ ಯಾರದೆಂದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ದೊಡ್ಡವ್ವ ಸತ್ತದ್ದು ಅದಾದ ಮೂರನೆಯ ವರ್ಷ. ಗೋಡೆಯ ಆ ಕಡೆ ಅಳು ಕೇಳಿಸುತ್ತಿತ್ತು. ಮಾತು ಬಿಟ್ಟಿದ್ದ ಅಪ್ಪ ಕೂಡ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೋದ. ಅವ್ವ ನಡುಮನೆಯ ಕಂಬಕ್ಕೆ ಒರಗಿ ಕೂತೇ ಇದ್ದಳು. ಅತ್ತು ಅತ್ತು ಕಣ್ಣು ಕೆಂಪಾಗಿತ್ತು. ಎದ್ದು ಬಾ ಎಂದು ಕೈ ಹಿಡಿದೆ.

"ನೀನು ಓಗು. ನಿನ್ನ ಸಾಕಿದೋಳು ಅವ್ಳು, ಮಣ್ಣು ಆಕ್ಬುಟ್ಟು ಬಾ. ನನ್ನ ಅಂಗಂದೋಳ ತಾವ ನಾನು ಬರಕ್ಕಿಲ್ಲ."

ನಾನು ಹೋಗಿ ಮಣ್ಣು ಹಾಕಿ ಬಂದೆ. ಹಿತ್ತಿಲಲ್ಲಿ ಅವ್ವ ನನಗೆ ನೀರು ಹುಯ್ದಳು. ನೀರು ಹುಯ್ಯುತ್ತಾ, ದೊಡ್ಡವ್ವ ಕೊನೆಗಾದರೂ ತನ್ನ ಬಗ್ಗೆ ಏನಾದರೂ ಅಂದಿದ್ದಳಾ ಎಂದು ಕೇಳಿದಳು. ಇಲ್ಲ ಅಂದೆ.